ಬೇರು ಹೆಕ್ಕುವ ಕೆಲಸ

ಪಕ್ಕದ ಮೇಜಿನವಳು ಕೆಮ್ಮಿದಳು. ಅದು ನಿಜವಾದ ಕೆಮ್ಮಲ್ಲ ಎಂದು ಅವನಿಗೆ ಅನ್ನಿಸಿತು. ನಿಜವಾದ ಕೆಮ್ಮು ಎದೆಯಿಂದ ಬರುತ್ತದೆ, ಬಂದಮೇಲೆ ಒಂದು ಗುಟುಕು ನೀರು ಕೇಳುತ್ತದೆ. ಇದು ಗಂಟಲ ತುದಿಯಲ್ಲಿ ಹುಟ್ಟಿ, ಯಾರನ್ನೋ ಎಚ್ಚರಿಸಿ, ಅಲ್ಲೇ ಸತ್ತಿತು. ಅವನು ಚಿಮಟವನ್ನು ಬಟ್ಟಲಿನ ಅಂಚಿಗೆ ಒರಗಿಸಿ, ತಲೆಯೆತ್ತದೆ, ಕನ್ನಡಕದ ಮೇಲಿನಿಂದ ನೋಡಿದ. ಅವಳು ಮಣ್ಣು ಸುಡುವ ಯಂತ್ರದ ಮುಂದೆ ಕೂತು ತವರದ ಪುಟ್ಟ ಬಟ್ಟಲುಗಳಿಗೆ ಮಣ್ಣು ತುಂಬುತ್ತಿದ್ದಳು. ಬೆನ್ನು ಅವನ ಕಡೆಗಿತ್ತು. ಆದರೆ ಆ ಬೆನ್ನನ್ನು ನಂಬುವ ಹಾಗಿರಲಿಲ್ಲ, ಬೆನ್ನಲ್ಲೂ ಕಣ್ಣಿರುವ ಹೆಂಗಸು. ಮೇಜಿನ ಮೇಲಿನ ಗಂಟೆ ಹೊಡೆಯುವುದಕ್ಕೆ ಮೊದಲೇ ಅವನು ಅದರ ತಲೆಯ ಮೇಲೆ ಬೆರಳಿಟ್ಟು ಬಾಯಿ ಮುಚ್ಚಿಸಿದ್ದನ್ನು ಅವಳು ನೋಡಿದ್ದಾಳೆ. ನೋಡಿಯೇ ಕೆಮ್ಮಿದ್ದಾಳೆ. ನೋಡಲಿ. ನೋಡಿದರೆ ಒಳ್ಳೆಯದೇ ಅಲ್ಲವೇ? ಅವನು ಮಾಡುತ್ತಿರುವುದು ಕಳ್ಳತನವಲ್ಲ, ಕಳ್ಳತನದ ತೀರ ತಿರುವುಮುರುವು. ಬಟ್ಟಲಿನಲ್ಲಿದ್ದದ್ದು ಅಕ್ಕನ ಗುಡ್ಡದ ಮಣ್ಣು.

ಕೆಲಸ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಗುಡ್ಡದೊಳಕ್ಕೆ ಕೊಳವೆ ಇಳಿಸಿ ತೆಗೆದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಕಲ್ಲು ಬೇರೆ ಮಾಡಿ, ಉಳಿದದ್ದನ್ನು ಬಿಳಿ ಬಟ್ಟಲಿಗೆ ಸುರಿದುಕೊಂಡು ಅದರಲ್ಲಿರುವ ಬೇರನ್ನು ಹೆಕ್ಕಬೇಕು. ದಪ್ಪ ಬೇರಿಗೆ ಚಿಮಟ. ಕೂದಲೆಳೆಯಂಥದ್ದಕ್ಕೆ ಪ್ಲಾಸ್ಟಿಕ್ ಬಾಚಣಿಗೆ. ಸ್ವೆಟರಿನ ತೋಳಿಗೆ ಚೆನ್ನಾಗಿ ಉಜ್ಜಿ ಮಣ್ಣಿನ ಮೇಲೆ ಹಿಡಿದರೆ ಎಳೆಗಳು ತಾವಾಗಿಯೇ ಎದ್ದು ಬಂದು ಹಲ್ಲಿಗೆ ಅಂಟುತ್ತವೆ. ಬೇರು ಬೇರಿನ ಲೆಕ್ಕಕ್ಕೆ, ಮಣ್ಣು ಮಣ್ಣಿನ ಲೆಕ್ಕಕ್ಕೆ. ಆಮೇಲೆ ಆ ಮಣ್ಣನ್ನು ಅರೆದು ಸುಟ್ಟರೆ ಅದರಲ್ಲಿ ಎಷ್ಟು ಇಂಗಾಲ ಕೂತಿತ್ತೆಂದು ಯಂತ್ರ ಹೇಳುತ್ತದೆ. ಕಷ್ಟವೇನೆಂದರೆ, ಬೇರಿಗೆ ಕೊನೆಯೆಂಬುದಿಲ್ಲ. ಹೆಕ್ಕಿದಷ್ಟೂ ಇರುತ್ತದೆ. ಅದಕ್ಕೇ ಹಿಂದಿನ ಮುಖ್ಯಸ್ಥರು ತಮ್ಮ ಅಡಿಗೆಮನೆಯಿಂದ, ತಿರುಗಿಸಿಟ್ಟರೆ ಇಂತಿಷ್ಟು ಹೊತ್ತಿಗೆ ಹೊಡೆಯುವ ಒಂದು ಗಂಟೆ ತಂದಿಟ್ಟು ನಿಯಮ ಮಾಡಿದ್ದರು: ಕಾಡಿನ ಮಣ್ಣೇ ಆಗಲಿ ಹುಲ್ಲಿನ ಮಣ್ಣೇ ಆಗಲಿ, ಗಂಟೆ ತಿರುಗಿಸಿ ಕೂರು, ಹೊಡೆದ ತಕ್ಷಣ ಕೈ ಎತ್ತು. ಉಳಿದದ್ದೆಲ್ಲ ಮಣ್ಣು. "ಯಾವುದು ಬೇರು, ಯಾವುದು ಮಣ್ಣು ಅಂತ ಯೋಚನೆ ಮಾಡ್ತಾ ಕೂತ್ರೆ ಹುಚ್ಚು ಹಿಡಿಯುತ್ತೆ ಕಣಯ್ಯ. ಎಲ್ಲಾದಕ್ಕೂ ಒಂದೇ ಗಂಟೆ. ನ್ಯಾಯ ಅಂದ್ರೆ ಅಷ್ಟೇ," ಅಂದಿದ್ದರು. ಎದುರು ಗುಡ್ಡದ ಕಾಡಿನ ಮಣ್ಣಿಗೆಲ್ಲ ಅವನು ಗಂಟೆಯ ಮಾತು ಕೇಳಿದ್ದ. ಅಕ್ಕನ ಗುಡ್ಡದ ಮಣ್ಣಿಗೆ ಬಂದಾಗ ಮಾತ್ರ ಗಂಟೆಯ ಬಾಯಿ ಕಟ್ಟಿ, ಕತ್ತು ಹಿಡಿಯುವವರೆಗೆ, ಕಣ್ಣಲ್ಲಿ ನೀರು ಬರುವವರೆಗೆ ಹೆಕ್ಕುತ್ತಿದ್ದ. ಹುಲ್ಲಿನ ಬೇರು ಮೊದಲೇ ಸಣ್ಣ. ಹೆಕ್ಕಿದ ಒಂದೊಂದು ಎಳೆಯ ಜೊತೆಗೂ ಅಷ್ಟಷ್ಟು ಇಂಗಾಲ ಆ ಗುಡ್ಡದ ಲೆಕ್ಕದಿಂದ ಆಚೆ ಹೋಗುತ್ತಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇಲಾಖೆಯ ನಕ್ಷೆಯಲ್ಲಿ ಕಾಡಿಗೆ ಹಸಿರು ಬಣ್ಣ, ಹೊಲಕ್ಕೆ ಹಳದಿ, ಊರಿಗೆ ಕೆಂಪು. ಅಕ್ಕನ ಗುಡ್ಡಕ್ಕೆ ಬೂದಿ ಬಣ್ಣ, ಅಂದರೆ 'ಖಾಲಿ'. ಮಳೆ ಬಿದ್ದಾಗ ಸೊಂಟದವರೆಗೆ ಹುಲ್ಲು ನಿಲ್ಲುವ, ಅಕ್ಕನ ಹಸುಗಳು ಬಾಲ ಬೀಸುತ್ತಾ ದಿನವಿಡೀ ಮೇಯುವ ಜಾಗ ಖಾಲಿ. ಎದುರು ಗುಡ್ಡದಲ್ಲಿ ಇಲಾಖೆಯವರೇ ಸಾಲಾಗಿ ನೆಟ್ಟು ಬೆಳೆಸಿದ, ಹಕ್ಕಿಯೂ ಕೂರದ ಮರಗಳು ಹಸಿರು. ಈಗ ಈ ಖಾಲಿಯನ್ನೂ ಹಸಿರು ಮಾಡಬೇಕು, ಮರ ನೆಟ್ಟರೆ ಗಾಳಿಯಲ್ಲಿರುವ ಇಂಗಾಲವೆಲ್ಲ ಬಂದು ಅದರಲ್ಲಿ ಕೂರುತ್ತದೆ ಎಂದು ಮೇಲಿನವರ ಲೆಕ್ಕ. ಮೇಲಿನವರಲ್ಲೇ ಯಾರೋ ಒಬ್ಬ ತಲೆಯಿದ್ದವನು ಕೇಳಿದನಂತೆ, ಇಂಗಾಲ ಮರದಲ್ಲಿ ಮಾತ್ರ ಇರುತ್ತದೆಯೇ, ಮಣ್ಣಿನಲ್ಲಿ ಕೂತಿರುವುದೆಷ್ಟು, ಅಳೆದು ನೋಡಿ. ಹುಲ್ಲಿನ ಮಣ್ಣು ಕಾಡಿನ ಮಣ್ಣಿಗೆ ಸರಿಸಮ ನಿಂತರೆ ಆ ಗುಡ್ಡವನ್ನು ಹಾಗೇ ಬಿಡಿ, ಕಡಿಮೆ ಬಂದರೆ ನೆಡಿ. ಅಳೆಯುವ ಕೆಲಸ ಅವನ ಮೇಜಿಗೆ ಬಂತು. ಅಕ್ಕನಿಗೆ ಇರುವುದು ಆ ಗುಡ್ಡ, ಆ ಹಸುಗಳು, ಬೆಣ್ಣೆ ಮಾರಿ ಬರುವ ಸಂಪಾದನೆ. ಭಾವ ಹೋದಮೇಲೆ ಅವಳು ಯಾರ ಮುಂದೆಯೂ ಕೈಚಾಚಿರಲಿಲ್ಲ, ತಮ್ಮನ ಮುಂದೆಯಂತೂ ಇಲ್ಲವೇ ಇಲ್ಲ. ಬೇಲಿ ಬಿದ್ದರೆ ಹಸುಗಳಿಗೆ ಮೇವಿಲ್ಲ, ಹಸುಗಳಿಲ್ಲದಿದ್ದರೆ ಅಕ್ಕ ಏನು ಮಾಡುತ್ತಾಳೋ ಅವನು ಯೋಚಿಸಿರಲಿಲ್ಲ. ಯೋಚಿಸಬಾರದೆಂದು ನಿರ್ಧರಿಸಿದ್ದ.

ಮಣ್ಣು ತೆಗೆಯಲು ಹೋದ ದಿನವೇ ಅವನಿಗೆ ತಿಳಿದುಹೋಗಿತ್ತು. ಎದುರು ಗುಡ್ಡದಲ್ಲಿ ಕೊಳವೆ ಎಳೆದರೆ ಮೇಲೆ ಒಂದು ಬೆರಳು ಕಪ್ಪು, ಕೆಳಗೆಲ್ಲ ಕಾವಿ. ಅಕ್ಕನ ಗುಡ್ಡದಲ್ಲಿ ಕೊಳವೆ ತುಂಬ ಕಪ್ಪು, ಬಾಯಿಗಿಟ್ಟರೆ ತಿನ್ನಬಹುದೇನೋ ಎನ್ನುವ ಹಾಗೆ. ಅಗೆಯುವವರಲ್ಲೊಬ್ಬ, "ಇದೇನ್ ಸಾರ್, ಹುಲ್ಲು ಕಾಡನ್ನೇ ನುಂಗಿಬಿಡೋ ಹಾಗಿದೆ," ಎಂದು ನಕ್ಕಾಗ ಅವನು ಕೊಳವೆಯ ಬಾಯನ್ನು ಅಂಗೈಯಿಂದ ಮುಚ್ಚಿದ. ಗೆಲ್ಲುವುದು ಹುಲ್ಲಲ್ಲ, ಅಕ್ಕ. ಅಕ್ಕ ಗೆದ್ದರೆ ಜನ ಏನನ್ನುತ್ತಾರೆ? ಅದೇ ಹೊತ್ತಿಗೆ ಸರಿಯಾಗಿ ಅವಳು ತಲೆಗೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಕೋಲು ಹಿಡಿದು, ಇಳಿಜಾರಿನಲ್ಲಿ ಇಳಿದುಬಂದಳು. ಹಲ್ಲು ಬಿಟ್ಟುಕೊಂಡು ಬಂದಳು. ಅವನು ಕೂಡಲೇ ನಾಲ್ಕು ಹೆಜ್ಜೆ ಮುಂದೆ ಹೋಗಿ, ಎಲ್ಲರಿಗೂ ಕೇಳಿಸುವ ಹಾಗೆ, "ಅಮ್ಮಾ, ನೀವು ಸ್ವಲ್ಪ ದೂರ ನಿಂತ್ಕೊಳ್ಳಿ, ಕೆಲಸ ನಡೀತಾ ಇದೆ," ಅಂದ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವನ ಮುಖವನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಆಟ ಅರ್ಥವಾದವಳ ಹಾಗೆ, "ಆಗ್ಲಿ ಸ್ವಾಮಿ," ಎಂದು ಹಿಂದೆ ಸರಿದು ಒಂದು ಬಂಡೆಯ ಮೇಲೆ ಕೂತಳು. ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳೋ ಅಥವಾ ಬರೀ ಬಾಯಿ ಮುಚ್ಚಿಕೊಂಡಿದ್ದಳೋ ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಚಹಾದ ಹೊತ್ತಿಗೆ ಪಕ್ಕದ ಮೇಜಿನವಳು ಕುರ್ಚಿ ತಿರುಗಿಸಿದಳು. ಇನ್ನೇನು ನಿವೃತ್ತಿಗೆ ಬಂದ ಹೆಂಗಸು. ಮಣ್ಣನ್ನು ಸುಟ್ಟು ಸುಟ್ಟು ಮಾತಿಗೂ ಒಂದು ಒಣ ಬಿಸಿ ಬಂದಿತ್ತು. "ಸಾರ್, ಆ ಹುಲ್ಲುಗುಡ್ಡದೋರು ನಿಮಗೆ ಗೊತ್ತಲ್ವಾ?" ಎಂದಳು. ಬಂತು, ಅಂದುಕೊಂಡ ಅವನು. ಕೆಮ್ಮಿನ ಹಿಂದೆಯೇ ಮಾತು. "ಯಾರು? ನಂಗ್ಯಾರೂ ಗೊತ್ತಿಲ್ಲ," ಎಂದು ಲೋಟವನ್ನು ಎಷ್ಟು ಬೇಗ ಕೆಳಗಿಟ್ಟನೆಂದರೆ ಚಹಾ ಚೆಲ್ಲಿ, ಬೇರನ್ನು ಪೊಟ್ಟಣ ಕಟ್ಟಲು ಇಟ್ಟಿದ್ದ ಕಾಗದ ಒದ್ದೆಯಾಯಿತು. "ಅಲ್ಲ, ಅವತ್ತು ಗೇಟ್ ಹತ್ರ..." ಎಂದು ಅವಳು ಇನ್ನೂ ಏನೋ ಹೇಳಹೊರಟಳು. "ಕೆಲಸ ಇದೆ ನಂಗೆ," ಎಂದು ಅವನು ಕುರ್ಚಿ ತಿರುಗಿಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಅವನಿಗೂ ಗೊತ್ತಿತ್ತು. ಆದರೆ ಕದಿಯದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ ಎಂಬುದು ಗಾದೆ ಕಟ್ಟಿದವನಿಗೆ ಹೊಳೆದಿರಲಿಲ್ಲ. ಆಫೀಸಿನಲ್ಲಿ ಅವನಿಗೆ 'ತಕ್ಕಡಿ' ಎಂದು ಹೆಸರು. ಎದುರಿಗೇ ಕರೆಯುತ್ತಾರೆ, ಅಭಿಮಾನದಿಂದಲೇ ಕರೆಯುತ್ತಾರೆ, ಆದರೂ ಅದನ್ನು ಕೇಳಿದಾಗಲೆಲ್ಲ ಇದು ಹೊಗಳಿಕೆಯೋ ಕಾವಲೋ ಎಂದು ಅವನಿಗೆ ಅನುಮಾನ. ತಕ್ಕಡಿ ಎಂದು ಒಪ್ಪಿಕೊಂಡಮೇಲೆ ಎಲ್ಲರೂ ಮುಳ್ಳನ್ನೇ ನೋಡುತ್ತಿರುತ್ತಾರೆ.

ಗೇಟಿನ ಹತ್ತಿರ. ಅದನ್ನೂ ನೋಡಿದ್ದಾಳೆ ಅಂತಾಯಿತು. ಅಕ್ಕ ಅವತ್ತು ಹೇಳದೆ ಕೇಳದೆ ಬಸ್ ಹತ್ತಿ ಬಂದು, ಒಂದು ಡಬ್ಬಿ ಬೆಣ್ಣೆ ಹಿಡಿದು, "ನಿಮ್ಮ ಆಫೀಸ್ನೋರಿಗೆಲ್ಲ ಕೊಡು ಕಣೋ, ಪಾಪ ಬಿಸಿಲಲ್ಲಿ ಅಗೆದ್ರು," ಎಂದು ನಿಂತಿದ್ದಳು. ಅಳೆಯುವವರಿಗೆ ಬೆಣ್ಣೆ! ಬೇರೆ ಸಾಕ್ಷಿ ಬೇಕೇ? ಕಾವಲುಗಾರ, "ಯಾರು ಸಾರ್?" ಎಂದು ಕೇಳಿದ್ದಕ್ಕೆ, "ಯಾರೋ ಬೆಣ್ಣೆ ಮಾರೋರು, ನಮಗೆ ಬೇಡ ಅಂತ ಹೇಳಿ ಕಳಿಸು," ಎಂದು ಅವಳ ಎದುರಿಗೇ ಹೇಳಿ ಒಳಗೆ ಬಂದಿದ್ದ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವನ ಬಾಯಿಂದಲೇ ಗೇಟಿನ ಸಂಗತಿ ಕೇಳಿ ಹೆಂಡತಿ, "ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರೆ. ನೀವು ಊರಿಗೂ ಉಪಕಾರಿ ಅಲ್ಲ, ಹೆದರುಪುಕ್ಕಲ ಅಷ್ಟೇ. ನಿಮ್ಮಕ್ಕನ ಕಡೆ ಎಳೀಬೇಡಿ, ಸರಿ. ಆದ್ರೆ ಆಚೆ ಕಡೆಗಾದ್ರೂ ಯಾಕೆ ವಾಲ್ತೀರಿ?" ಎಂದಿದ್ದಳು. ಅವಳಿಗೆ ಗಂಟೆಯ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಗೆ ಹೇಳಿದಳು? ಅಕ್ಕನೇ ಫೋನ್ ಮಾಡಿ ಅತ್ತಿರಬೇಕು, ಇಬ್ಬರೂ ಸೇರಿ ಹೆಣೆದ ಮಾತು ಇದು, ಎಂದು ತಟ್ಟೆಯಲ್ಲಿ ಬೆರಳಾಡಿಸುತ್ತಾ ಅಂದುಕೊಂಡ. ಆಮೇಲೆ ನೋಡಿದರೆ ಅಕ್ಕ ಫೋನ್ ಮಾಡಿಯೇ ಇರಲಿಲ್ಲ.

ಕೊನೆಯ ಬಟ್ಟಲು ಮುಗಿಯಿತು. ಬಾಚಣಿಗೆಗೆ ಇನ್ನೇನೂ ಅಂಟುತ್ತಿರಲಿಲ್ಲ. ಮಣ್ಣು ಈಗ ಬರೀ ಮಣ್ಣಾಗಿ, ಬೋಳಾಗಿ ಬಟ್ಟಲಿನಲ್ಲಿ ಬಿದ್ದಿತ್ತು. ಪಕ್ಕದ ತಟ್ಟೆಯಲ್ಲಿ ಹೆಕ್ಕಿದ ಬೇರಿನ ರಾಶಿ, ಕ್ಷೌರದಂಗಡಿಯ ನೆಲದ ಹಾಗೆ. ನಿಯಮದ ಪ್ರಕಾರ ಅದನ್ನು ಪೊಟ್ಟಣ ಕಟ್ಟಿ ಇಡಬೇಕು, ಎದುರು ಗುಡ್ಡದ ಬೇರನ್ನೆಲ್ಲ ಹಾಗೇ ಕಟ್ಟಿಟ್ಟಿದ್ದ. ಇದನ್ನು ಕಟ್ಟಿಟ್ಟರೆ? ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಇಷ್ಟು ಬೇರು ಗಂಟೆ ಹೊಡೆಯುವುದರೊಳಗೆ ಬರುವುದಿಲ್ಲ ಎಂದು ತಿಳಿಯದೆ ಇರುತ್ತದೆಯೇ? ಹಿಂದಿನ ಬಟ್ಟಲುಗಳದ್ದನ್ನು ಮಾಡಿದ ಹಾಗೇ ಇದನ್ನೂ ಮುಷ್ಟಿಯಲ್ಲಿ ಹಿಡಿದು ಹೋಗಿ ಹಿತ್ತಲ ಕಸದ ತೊಟ್ಟಿಗೆ ಹಾಕಿ, ಕೈ ಕೊಡವಿಕೊಂಡು ಬಂದ. ಮಣ್ಣನ್ನು ಪಕ್ಕದ ಮೇಜಿನ ಮೇಲಿಟ್ಟ. ಯಂತ್ರ ಗುಂಯ್ ಎನ್ನತೊಡಗಿತು. ಎಲ್ಲ ಸುಟ್ಟಾದಮೇಲೆ ಅವಳು ಹಾಳೆ ಕಿತ್ತು, "ಕೂದಲೆಳೆಯಷ್ಟರಲ್ಲಿ ಕಾಡೇ ಮುಂದೆ ಸಾರ್. ನಾನು ಹುಲ್ಲು ಅಂದ್ಕೊಂಡಿದ್ದೆ," ಅಂದಳು. ಅವನಿಗೆ ಮೊದಲು ಆದದ್ದು ನಿರಾಳ. ಈಗ ಯಾರು ಏನು ಅಂದಾರು? ಆ ನಿರಾಳ ಎಷ್ಟು ಹಿತವಾಗಿತ್ತೆಂದರೆ ಅದರ ಬಗ್ಗೆಯೇ ಅವನಿಗೆ ಅನುಮಾನ ಬಂತು.

ನಿರ್ದೇಶಕರು ಊಟವಾದಮೇಲೆ ಕರೆಸಿದರು. ಅವರ ಕೋಣೆಗೆ ಹೋಗುವ ದಾರಿಯಲ್ಲಿ ಅಂಗಳ ದಾಟಬೇಕು. ಅಂಗಳದ ತುಂಬ ಕಪ್ಪು ಚೀಲಗಳಲ್ಲಿ ಸಸಿಗಳು ಆಗಲೇ ಬಂದು ಇಳಿದಿದ್ದವು. ಅಳತೆ ಮುಗಿಯುವ ಮೊದಲೇ! ಎಲ್ಲ ಮೊದಲೇ ತೀರ್ಮಾನವಾಗಿತ್ತು, ನನ್ನನ್ನು ಹೆಬ್ಬೆಟ್ಟಿಗೆ ಇಟ್ಟುಕೊಂಡಿದ್ದರು ಎಂದು ಅವನಿಗೆ ಸಿಟ್ಟು ಬಂತು. ಆಮೇಲೆ ನೋಡಿದರೆ ಚೀಲಗಳ ಮೇಲೆ ಬೇರೆ ಯಾವುದೋ ಜಾಗದ ಚೀಟಿಯಿತ್ತು. ಹಾಳೆ ಹಿಡಿದು ಜೊತೆಯಲ್ಲೇ ಬರುತ್ತಿದ್ದ ಪಕ್ಕದ ಮೇಜಿನವಳು, "ಬೆಳಿಗ್ಗೆ ಕೇಳೋಣ ಅಂದ್ರೆ ನೀವು ಕಿವಿಗೇ ಹಾಕ್ಕೊಳ್ಲಿಲ್ಲ ಸಾರ್," ಎಂದು ಶುರುಮಾಡಿದಳು. "ಅವತ್ತು ಗೇಟ್ ಹತ್ರ ಬಂದಿದ್ರಲ್ಲ, ಬೆಣ್ಣೆ ಮಾರೋ ಅಮ್ಮ, ಆ ಗುಡ್ಡದೋರಂತೆ. ನನ್ನ ಮೊಮ್ಮಗೂಗೆ ಒಳ್ಳೆ ಬೆಣ್ಣೆ ಬೇಕಿತ್ತು. ನಿಮಗೆ ಗೊತ್ತಿದ್ರೆ ಹೇಳಿ ಕೊಡಿಸ್ತೀರೇನೋ ಅಂತ ಕೇಳ್ದೆ." ಅವನು ನಿಂತುಬಿಟ್ಟ. "ಅಷ್ಟೇನಾ?" ಎಂದ. "ಇನ್ನೇನು ಸಾರ್?" ಎಂದು ಅವಳು ಅವನ ಮುಖ ನೋಡಿದಳು. ಆ ಮುಖದಲ್ಲಿ ಬೆಣ್ಣೆಯ ಆಸೆ ಬಿಟ್ಟು ಬೇರೇನೂ ಇರಲಿಲ್ಲ.

ಕೋಣೆಯಲ್ಲಿ ಅಕ್ಕ ಕೂತಿದ್ದಳು. ಲೆಕ್ಕ ಬರುವ ದಿನವೆಂದು ಅವಳಿಗೂ ಬರಹೇಳಿದ್ದರು. ಕುರ್ಚಿಯ ತುದಿಯಲ್ಲಿ, ಬಸ್ಸಿನಲ್ಲಿ ಕೂರುವ ಹಾಗೆ. ಅವನನ್ನು ಕಂಡರೂ ಕಾಣದವಳಂತೆ ಗೋಡೆ ನೋಡಿದಳು. ನಿರ್ದೇಶಕರು ಒಳ್ಳೆಯ ಮನುಷ್ಯರು, ಅವಳಿಗೆ ನೀರು ಕೊಡಿಸಿ, ಹಾಳೆ ನೋಡಿ ನಿಧಾನಕ್ಕೆ ಹೇಳಿದರು: "ನೋಡಿಯಮ್ಮಾ, ನಿಮ್ಮ ಗುಡ್ಡದ ಮಣ್ಣು ಸ್ವಲ್ಪದರಲ್ಲಿ ಕಡಿಮೆ ಬಂದಿದೆ. ಹಾಗಾಗಿ ಅಲ್ಲಿ ಮರ ನೆಡಬೇಕಾಗುತ್ತೆ, ಬೇಲಿ ಹಾಕ್ತಾರೆ. ನಿಮಗೆ ಒಪ್ಪಿಗೆ ಇಲ್ಲ ಅಂದ್ರೆ ತಕರಾರು ಹೇಳಬಹುದು. ಹೇಳಿದ್ರೆ ಮತ್ತೆ ಅಗೆದು ಬೇರೆಯವರ ಕೈಲಿ ಅಳೆಸ್ತೀವಿ. ಅದು ನಿಮ್ಮ ಹಕ್ಕು."

"ಕಡಿಮೆ ಅಂದ್ರೆ ತಕರಾರು ಹೇಳ್ಬೇಕು ಅಂತಲೇ ಬಂದಿದ್ದು ಸಾರ್. ಹಗಲೂ ರಾತ್ರಿ ಆ ಮಣ್ಣಲ್ಲೇ ಇರ್ತೀನಿ, ಕಡಿಮೆ ಹೇಗಾಗುತ್ತೆ ಅಂತ," ಎಂದಳು ಅಕ್ಕ. ಆಮೇಲೆ ಕೇಳಿದಳು: "ಅಳೆದಿದ್ದು ಯಾರು?"

"ಇವರೇ. ನಮ್ಮ ತಕ್ಕಡಿ," ಎಂದು ನಿರ್ದೇಶಕರು ನಕ್ಕು ಅವನ ಕಡೆ ಕೈ ತೋರಿಸಿದರು.

"ಎಲ್ಲಾ ಇವನೇನಾ? ಕೊನೇವರೆಗೂ?"

"ಹೌದು, ಎಲ್ಲಾ ಅವರೇ."

"ಹಾಗಾದ್ರೆ ಬಿಡಿ, ಸರಿ ಇರುತ್ತೆ," ಎಂದಳು ಅಕ್ಕ, ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು. "ಇವನು ಚಿಕ್ಕೋನಿದ್ದಾಗ್ಲೂ ಹೀಗೇ. ಹಣ್ಣು ಹಂಚೋಕೆ ಕೊಟ್ರೆ ಪಕ್ಕದ ಮನೆ ಮಕ್ಕಳಿಗೆ ಜಾಸ್ತಿ ಕೊಟ್ಟು ನಮ್ಮಿಬ್ಬರ ಪಾಲು ಕಡಿಮೆ ಇಟ್ಕೊಳ್ತಿದ್ದ. ಮೋಸ ಅನ್ನೋದು ಇವನ ಜಾಯಮಾನದಲ್ಲೇ ಇಲ್ಲ. ಎಲ್ಲಿ ರುಜು ಹಾಕ್ಬೇಕು?"

"ಇವನು ಅಂದ್ರೆ?" ನಿರ್ದೇಶಕರು ಮುಂದಕ್ಕೆ ಬಾಗಿದರು.

"ನನ್ನ ತಮ್ಮ ಸಾರ್," ಎಂದವಳು ಹೇಳಬಾರದಿತ್ತೇನೋ ಎಂದು ನಾಲಿಗೆ ಕಚ್ಚಿಕೊಂಡಳು.

"ಗೊತ್ತೇ ಇರ್ಲಿಲ್ವಲ್ಲ! ಹೇಳ್ಬೇಕಿತ್ತು ನೀವು, ಬೇರೆಯವರಿಗೆ ಕೊಡ್ತಿದ್ದೆ," ಎಂದು ನಿರ್ದೇಶಕರು ಅವನನ್ನು ನೋಡಿದರು. ಅವರ ಹುಬ್ಬಿನಲ್ಲಿದ್ದದ್ದು ಅಪ್ಪಟ ಆಶ್ಚರ್ಯ. ಇಷ್ಟು ದಿನ ಯಾರ ಕಣ್ಣಿಗೆ ಹೆದರಿ ಅವನು ಎಳೆ ಎಳೆಯಾಗಿ ಆ ಗುಡ್ಡವನ್ನು ಸುಲಿದನೋ ಆ ಕಣ್ಣುಗಳು ಬೇರೆ ಎಲ್ಲೋ ಇದ್ದವು. ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳನ್ನು ಬೆಣ್ಣೆ ಮಾರುವವಳೆಂದು ಎಲ್ಲರೂ ನಂಬಿದ್ದರು, ಯಾಕೆಂದರೆ ಹೇಳಿದವನು ತಕ್ಕಡಿ. ಅಕ್ಕ ಪೆನ್ನು ಕೈಗೆತ್ತಿಕೊಂಡಿದ್ದಳು. ಅವನಿಗೆ ನಾಚಿಕೆಯಾಯಿತು, ಮೈಯೆಲ್ಲ ನಾಚಿಕೆ, ಸಣ್ಣವನಿದ್ದಾಗ ಚಡ್ಡಿಯಲ್ಲೇ ಮಾಡಿಕೊಂಡು ತರಗತಿಯಲ್ಲಿ ನಿಂತಾಗ ಆದಂಥದ್ದು.

"ಸಾರ್, ಆ ಲೆಕ್ಕ ತಪ್ಪು," ಎಂದ. ಧ್ವನಿ ತನ್ನದಲ್ಲವೆನ್ನಿಸಿತು. "ಹುಲ್ಲಿನ ಮಣ್ಣಿಗೆ ನಾನು ಗಂಟೆ ಇಟ್ಟಿಲ್ಲ. ಕಾಡಿನ ಮಣ್ಣಿಗೆ ಮಾತ್ರ ಇಟ್ಟೆ. ಹುಲ್ಲಿನದ್ದನ್ನ ಪೂರ್ತಿ ಹೆಕ್ಕಿಬಿಟ್ಟೆ, ಒಂದೆಳೆ ಬಿಡದೆ. ಅಕ್ಕನ ಕಡೆ ವಾಲಿದ ಅಂತ ಯಾರಾದ್ರೂ ಅಂದಾರು ಅಂತ. ಸರಿಯಾಗಿ ಹೆಕ್ಕಿದ್ರೆ ಹುಲ್ಲೇ ಜಾಸ್ತಿ ಬರ್ತಿತ್ತು."

ನಿರ್ದೇಶಕರು ಪಕ್ಕದ ಮೇಜಿನವಳ ಕಡೆ ತಿರುಗಿದರು. "ನೀವು ಅಲ್ಲೇ ಇರ್ತೀರಲ್ಲ. ಗಂಟೆ ಹೊಡೀಲಿಲ್ವಾ?"

"ನಾನು ಗಮನಿಸಿಲ್ಲ ಸಾರ್. ನನ್ನ ಯಂತ್ರದ ಸದ್ದಲ್ಲಿ ನಂಗೇನೂ ಕೇಳ್ಸಲ್ಲ," ಎಂದು ಅವಳು ನಿಜ ಹೇಳಿ, ಕೆಮ್ಮಿದಳು.

"ಹೆಕ್ಕಿದ ಬೇರು ಇರಬೇಕಲ್ಲ? ತೂಗಿ ನೋಡಿದ್ರೆ ಗೊತ್ತಾಗುತ್ತೆ."

"ಎಸೆದುಬಿಟ್ಟೆ."

"ಕಾಡಿನದ್ದು?"

"ಅದು ಪೊಟ್ಟಣದಲ್ಲಿದೆ."

"ಅದನ್ನ ಇಟ್ಕೊಂಡು ಇದನ್ನ ಎಸೆದ್ರಾ?" ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈಗ, ಈಗ ಮೊದಲ ಸಲ, ಅವನು ಇಷ್ಟು ದಿನ ಎಲ್ಲರ ಮುಖದಲ್ಲಿ ಹುಡುಕುತ್ತಿದ್ದ ಅನುಮಾನ ಒಂದು ಮುಖದಲ್ಲಿ ಕಾಣಿಸಿತು. ಅವರ ದನಿ ಮೆತ್ತಗೇ ಇತ್ತು. "ನೋಡಿ, ಅಕ್ಕ ಎದುರಿಗೆ ಕೂತಾಗ ಕರುಳು ಚುರ್ರ್ ಅನ್ನೋದು ಸಹಜ. ನಾನೂ ಮನುಷ್ಯನೇ. ಆದ್ರೆ ಇದು ಹಾಗೆಲ್ಲ ಹೇಳೋ ಮಾತಲ್ಲ. ಈ ಮಾತು ಕೇಳಿಲ್ಲ ಅಂತ ನಾನಿರ್ತೀನಿ. ಅಮ್ಮಾ, ನಿಮ್ಮ ಹಕ್ಕು ನಿಮ್ಮದೇ. ನೀವು ತಕರಾರು ಅಂದ್ರೆ ನಾಳೆಯೇ ಮತ್ತೆ ಅಗೆಸ್ತೀನಿ. ಆದ್ರೆ ಆಗ ಸಂಬಂಧ ಮುಚ್ಚಿಟ್ಟಿದ್ದು, ಲೆಕ್ಕ ಬಂದ ಮೇಲೆ ಮಾತು ತಿರುಗಿಸಿದ್ದು, ಎಲ್ಲಾ ಮೇಲಕ್ಕೆ ಹೋಗುತ್ತೆ. ಇವರ ಕೆಲಸಕ್ಕೇ ಕುತ್ತು ಬರಬಹುದು. ಸುಮ್ನೆ ಹೆದರಿಸ್ತಾ ಇಲ್ಲ, ಇರೋದು ಹೇಳ್ದೆ."

"ಅಕ್ಕ, ತಕರಾರು ಹೇಳು," ಎಂದ ಅವನು. ಎಲ್ಲರ ಮುಂದೆ ಅಕ್ಕ ಎಂದು ಕರೆದ. "ನನ್ನ ಕೆಲಸ ಹೋದ್ರೂ ಚಿಂತೆ ಇಲ್ಲ. ನಾನು ಹೇಳಿದ್ದು ನಿಜ."

ಅಕ್ಕ ಅವನನ್ನು ನೋಡಿದಳು. ಅವಳ ಕಣ್ಣುಗಳು ತುಂಬಿಕೊಂಡವು. ಅವನ ಎದೆ ಹಗುರಾಯಿತು. ಅವಳಾದರೂ ನಂಬಿದಳು, ಅಂದುಕೊಂಡ. ಅವಳು ತಲೆ ಬಗ್ಗಿಸಿ, ಹಾಳೆಯ ಮೇಲೆ ಅಂಗೈಯೂರಿ, ಅಕ್ಷರಕ್ಕೆ ಅಕ್ಷರ ಅಂಟಿಸುತ್ತಾ ಒಪ್ಪಿಗೆಯ ಜಾಗದಲ್ಲಿ ರುಜು ಹಾಕಿದಳು. "ತಕರಾರೇನೂ ಇಲ್ಲ ಸಾರ್," ಎಂದಳು. "ಇವನು ಹೇಳಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ. ಇವನಿಗೆ ಸುಳ್ಳು ಹೇಳೋಕೆ ಬರಲ್ಲ, ನೋಡಿ, ಹೇಗೆ ಬೆವರ್ತಾ ಇದಾನೆ."

ಹೊರಗೆ ಮೊಗಸಾಲೆಯಲ್ಲಿ ಅವನು ಅವಳ ತೋಳು ಹಿಡಿದು ನಿಲ್ಲಿಸಿದ. "ನಾನು ಹೇಳಿದ್ದು ಸುಳ್ಳಲ್ಲ ಅಕ್ಕ. ನಿನ್ನಾಣೆ. ನಾನೇ ಮಾಡಿದ್ದು. ನಿನ್ನ ಗುಡ್ಡ ನಾನೇ ಕಳೆದದ್ದು."

"ಆಯ್ತು ಕಣೋ, ಸುಳ್ಳಲ್ಲ," ಎಂದಳು ಅವಳು, ಜ್ವರ ಬಂದ ಮಗುವಿಗೆ ಹೇಳುವ ಹಾಗೆ. ಸೆರಗಿನಿಂದ ಅವನ ಹಣೆ ಒರೆಸಿದಳು. "ಹಸುಗಳನ್ನ ಮಾರ್ಬೇಕಾಗುತ್ತೆ. ಒಳ್ಳೆ ಕಡೆ ಹೋದ್ರೆ ಸಾಕು. ನನ್ನದು ಹೇಗೋ ನಡೆಯುತ್ತೆ. ಆದ್ರೆ ಒಂದು ಮಾತು ಹೇಳ್ತೀನಿ ಕೇಳು. ಈ ಹಾಳು ಗುಡ್ಡದ ದೆಸೆಯಿಂದ ನನ್ನ ತಮ್ಮ ನನಗೆ ಬೇರೆಯವನೇ ಆಗಿಬಿಟ್ಟ ಅಂದ್ಕೊಂಡಿದ್ದೆ. ಇಷ್ಟು ದಿನ ಅದೇ ಸಂಕಟ. ಇವತ್ತು ನನಗೋಸ್ಕರ ನಿನ್ನ ಹೆಸರನ್ನೇ ಹಾಳುಮಾಡ್ಕೊಳ್ಳೋಕೆ ಹೊರಟ್ಯಲ್ಲೋ, ಹುಚ್ಚಪ್ಪ. ನಂಗಿನ್ನೇನು ಬೇಕು?"

ಅವನು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ. ಎಷ್ಟೋ ವರ್ಷಗಳಿಂದ ಅವಳನ್ನು ಇಷ್ಟು ಸಂತೋಷವಾಗಿ ಅವನು ನೋಡಿರಲಿಲ್ಲ.